ಪಂಪ್ ಹೋದರೆ ದುಡ್ಡು ಯಾರದು? ಸೆಕೆಂಡ್ ಹ್ಯಾಂಡ್ ಡೀಸೆಲ್ ಟ್ರಕ್ಕಿಗೆ ವಾರಂಟಿ ಆರಿಸುವ ಬಗೆ

ಸೆಕೆಂಡ್ ಹ್ಯಾಂಡ್ ಡೀಸೆಲ್ ಟ್ರಕ್ ನೋಡಲು ಹೋದವರು ತಪ್ಪದೆ ಕೇಳುವ ಪ್ರಶ್ನೆ: "ವಾರಂಟಿಯಲ್ಲಿ ಫ್ಯೂಯೆಲ್ ಪಂಪ್ ಬರುತ್ತಾ?" ಮಾರುವವರ ಉತ್ತರವೂ ತಪ್ಪದೆ "ಬರುತ್ತೆ" ಎಂದೇ ಇರುತ್ತದೆ. ಅದು ಸುಳ್ಳೂ ಅಲ್ಲ. ಕಂಪನಿಯ ವಾರಂಟಿ ಇರಲಿ, ಹೊರಗಿನವರು ಮಾರುವ ಕರಾರಿರಲಿ, ಪಟ್ಟಿಯಲ್ಲಿ ಪಂಪಿನ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೂ ಪಂಪ್ ಹೋಗಿ ಟ್ರಕ್ ಗ್ಯಾರೇಜಿನಲ್ಲಿ ನಿಂತಾಗ ಜಗಳ ಶುರುವಾಗುತ್ತದೆ. ಆ ಜಗಳ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂಬುದರ ಮೇಲಲ್ಲ. ಪಂಪ್ ಯಾಕೆ ಹೋಯಿತೆಂದು ತೀರ್ಮಾನಿಸುವವರು ಯಾರು? ಪಂಪಿನ ಜೊತೆಗೇ ಹಾಳಾದ ಉಳಿದ ಸಾಮಾನಿಗೆ ದುಡ್ಡು ಕೊಡುವವರು ಯಾರು? ಜಗಳವೆಲ್ಲ ಇವೆರಡರ ಮೇಲೆ.

ಹಾಗಾಗಿ ವಾರಂಟಿಗಳನ್ನು ವರ್ಷ, ಕಿಲೋಮೀಟರ್ ಲೆಕ್ಕದಲ್ಲಿ ಅಕ್ಕಪಕ್ಕ ಇಟ್ಟು ನೋಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಈ ಎರಡು ಪ್ರಶ್ನೆಗೆ ಪ್ರತಿಯೊಂದೂ ಏನು ಹೇಳುತ್ತದೆ ಎಂದು ನೋಡಿದರೆ ಯಾವುದು ಗಟ್ಟಿ, ಯಾವುದು ಜಳ್ಳು ಎಂಬುದು ಬೇಗ ತಿಳಿಯುತ್ತದೆ.

ಯಾವ ಪಂಪಿನ ಮಾತು

ಬಹುತೇಕ ಡೀಸೆಲ್ ಟ್ರಕ್ಕುಗಳಲ್ಲಿ ಪಂಪ್ ಎರಡು. ಟ್ಯಾಂಕಿನೊಳಗೋ ಛಾಸಿಯ ಮೇಲೋ ಇರುವ ಲಿಫ್ಟ್ ಪಂಪ್ ಡೀಸೆಲನ್ನು ಫಿಲ್ಟರ್ ದಾಟಿಸಿ ಇಂಜಿನ್ ಕಡೆಗೆ ಕಳಿಸುತ್ತದೆ. ಅದರ ಒತ್ತಡ ಕೆಲವೇ ಬಾರ್. ಕೆಟ್ಟರೆ ಬದಲಾಯಿಸಿದರಾಯಿತು, ವಾರಂಟಿ ಇಲ್ಲದಿದ್ದರೂ ಯಾರೂ ಮುಳುಗಿಹೋಗುವುದಿಲ್ಲ. ಎರಡನೆಯದು ಇಂಜಿನ್ನೇ ತಿರುಗಿಸುವ ಹೈ ಪ್ರೆಷರ್ ಪಂಪ್. ಕಾಮನ್ ರೈಲ್ ಇಂಜಿನ್ನುಗಳಲ್ಲಿ ಇದು ಡೀಸೆಲನ್ನು 1,600ರಿಂದ 2,000 ಬಾರ್, ಕೆಲವೆಡೆ ಅದಕ್ಕೂ ಮೇಲಿನ ಒತ್ತಡಕ್ಕೆ ಏರಿಸಿ ರೈಲಿಗೆ, ಅಂದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಹಂಚುವ ಕೊಳವೆಗೆ, ತುಂಬುತ್ತದೆ. ಮನೆ ಮುರಿಯುವ ಖರ್ಚು ಬರುವುದು ಇದರಿಂದ. ಮಾರುವವರು "ಪಂಪ್ ಹೊಸದು ಹಾಕಿಸಿದೀವಿ" ಅಂದರೆ ಯಾವುದು ಎಂದು ಕೇಳಿ. ಲಿಫ್ಟ್ ಪಂಪಿನ ಬಿಲ್ಲು ತೋರಿಸಿ ಹೈ ಪ್ರೆಷರ್ ಪಂಪಿನ ಗೌರವ ಗಿಟ್ಟಿಸಿಕೊಳ್ಳುವುದು ಹಳೆಯ ಚಾಳಿ.

ಹೈ ಪ್ರೆಷರ್ ಪಂಪಿಗೆ ಡೀಸೆಲೇ ಕೀಲೆಣ್ಣೆ, ಡೀಸೆಲೇ ತಂಪು. ಒಳಗೆ ಹರಿಯುವ ಡೀಸೆಲಿನ ಜಿಡ್ಡು ಕಡಿಮೆಯಾದರೆ, ಅದರಲ್ಲಿ ನೀರು ಬೆರೆತರೆ, ಗಾಳಿ ಸೇರಿದರೆ ಲೋಹ ಲೋಹವನ್ನು ಉಜ್ಜುತ್ತದೆ. ಬಾಷ್ ಕಂಪನಿಯ ಸಿಪಿ4 ಪಂಪ್ ಈ ವಿಷಯದಲ್ಲಿ ಹೆಸರು ಕೆಡಿಸಿಕೊಂಡಿದೆ. ಅದರ ಹಿಂದಿನ ಸಿಪಿ3ರಲ್ಲಿ ಪಿಸ್ಟನ್ ಮೂರು. ಸಿಪಿ4ರಲ್ಲಿ ಒಂದು ಅಥವಾ ಎರಡು. ಸಿಪಿ4ರ ಪಿಸ್ಟನ್ನಿನ ಕೆಳಗೆ ಒಂದು ರೋಲರ್ ಇದ್ದು, ಅದು ತಿರುಗುವ ದಂಡದ (ಕ್ಯಾಮ್) ಉಬ್ಬಿನ ಮೇಲೆ ಉರುಳಬೇಕು. ರೋಲರನ್ನು ಹಿಡಿದಿರುವ ಟ್ಯಾಪೆಟ್ ತನ್ನ ಕೊಳವೆಯಲ್ಲಿ ಸ್ವಲ್ಪ ತಿರುಗಿಬಿಟ್ಟರೆ ಉರುಳುವ ಬದಲು ಕೆರೆಯತೊಡಗುತ್ತದೆ. ಕೆರೆದ ಲೋಹ ಹಿಟ್ಟಿನಂತೆ ಡೀಸೆಲಿಗೆ ಬೆರೆಯುತ್ತದೆ.

ಆ ಪುಡಿ ಹೋಗುವ ದಾರಿ ನೋಡಿದರೆ ಬಿಲ್ಲು ಯಾಕೆ ಅಷ್ಟು ಉದ್ದವಾಗುತ್ತದೆಂದು ಗೊತ್ತಾಗುತ್ತದೆ. ಒಂದು ಪಾಲು ರೈಲಿಗೆ, ಅಲ್ಲಿಂದ ಇಂಜೆಕ್ಟರುಗಳಿಗೆ. ಇಂಜೆಕ್ಟರಿನ ಒಳಭಾಗಗಳ ನಡುವಿನ ಸಂದು ಮೈಕ್ರಾನುಗಳ ಲೆಕ್ಕದ್ದು, ಈ ಪುಡಿ ಅಲ್ಲಿ ಉಳಿದರೆ ಇಂಜೆಕ್ಟರ್ ಉಳಿಯುವುದಿಲ್ಲ. ಇನ್ನೊಂದು ಪಾಲು ರಿಟರ್ನ್ ಪೈಪಿನಲ್ಲಿ ಮರಳಿ ಟ್ಯಾಂಕಿಗೆ. ಟ್ಯಾಂಕ್ ತೊಳೆಯದೆ ಹೊಸ ಪಂಪ್ ಕೂರಿಸಿದರೆ ಹಳೆಯ ಪುಡಿ ಮತ್ತೆ ಸುತ್ತು ಹೊಡೆಯುತ್ತದೆ. ಆದ್ದರಿಂದ ಸರಿಯಾದ ರಿಪೇರಿ ಎಂದರೆ ಪಂಪ್, ರೈಲು, ಎಲ್ಲ ಇಂಜೆಕ್ಟರುಗಳು, ಹೈ ಪ್ರೆಷರ್ ಪೈಪುಗಳು, ಫಿಲ್ಟರುಗಳು, ಟ್ಯಾಂಕ್ ಸ್ವಚ್ಛತೆ, ಎಷ್ಟೋ ಸಲ ಲಿಫ್ಟ್ ಪಂಪ್ ಕೂಡ. ಪಂಪ್ ಒಂದರ ಬೆಲೆ ಇದರಲ್ಲಿ ಸಣ್ಣ ಪಾಲು. ಪಂಪಿಗೆ ಮಾತ್ರ ದುಡ್ಡು ಕೊಡುವ ವಾರಂಟಿ ಇದ್ದೂ ಇಲ್ಲದಂತೆ.

ಸಿಪಿ4 ಎಲ್ಲೆಲ್ಲಿ ಕೂತಿತ್ತು ಎಂಬುದು ದಾಖಲೆಯಲ್ಲಿದೆ. ಅಮೆರಿಕದ ದೊಡ್ಡ ಪಿಕಪ್‌ಗಳ ಇಂಜಿನ್ನುಗಳಲ್ಲಿ ಫೋರ್ಡಿನ 6.7 ಲೀಟರ್ ಪವರ್‌ಸ್ಟ್ರೋಕ್ 2011ರಿಂದ, ಜಿಎಂನ ಡ್ಯುರಾಮ್ಯಾಕ್ಸ್ 2011ರಿಂದ 2016ರವರೆಗೆ, ರ‍್ಯಾಮ್‌ನ 6.7 ಲೀಟರ್ ಕಮಿನ್ಸ್ 2019 ಮತ್ತು 2020ರಲ್ಲಿ ಇದನ್ನು ಬಳಸಿದವು. ಆ ಡ್ಯುರಾಮ್ಯಾಕ್ಸ್‌ನಲ್ಲಿ ಕಂಪನಿ ಲಿಫ್ಟ್ ಪಂಪನ್ನೇ ಕೊಟ್ಟಿರಲಿಲ್ಲ. ಹೈ ಪ್ರೆಷರ್ ಪಂಪೇ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳಬೇಕಿತ್ತು. 2017ರ ಮಾದರಿಯಿಂದ ಜಿಎಂ ಡೆನ್ಸೊ ಕಂಪನಿಯ ಪಂಪಿಗೆ ಬದಲಾಯಿತು. ರ‍್ಯಾಮ್ 2021ರಲ್ಲಿ 2 ಲಕ್ಷಕ್ಕೂ ಹೆಚ್ಚು ಟ್ರಕ್ಕುಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಯಿತು. ಹಾಗೆಂದು ಸಿಪಿ4 ಇರುವ ಟ್ರಕ್ಕುಗಳೆಲ್ಲ ಕೆಡುತ್ತವೆ ಎಂದಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದವೂ ಬೇಕಾದಷ್ಟಿವೆ. ಆದರೆ ನಿಮ್ಮ ಕಣ್ಣಿಗೆ ಬಿದ್ದ ಟ್ರಕ್ಕಿನಲ್ಲಿ ಯಾವ ಪಂಪಿದೆ ಎಂದು ತಿಳಿಯದೆ ವಾರಂಟಿಯ ಬೆಲೆ ಕಟ್ಟಲು ಹೋಗಬೇಡಿ. ಸಿಪಿ3 ಇರುವ ಟ್ರಕ್ಕಿಗೆ ಖಂಡಿತ ಬೇಡವಾದ ಕರಾರು ಸಿಪಿ4 ಇರುವುದಕ್ಕೆ ಬೇಕಾಗಬಹುದು.

ತಪ್ಪು ಪಂಪಿನದೋ ಡೀಸೆಲಿನದೋ

ತಯಾರಕರ ವಾರಂಟಿ ಒಪ್ಪಿಕೊಳ್ಳುವುದು ಸಾಮಾನಿನ ದೋಷ ಅಥವಾ ತಯಾರಿಕೆಯ ದೋಷವನ್ನು. ಕಲುಷಿತ ಇಂಧನದಿಂದ ಆದ ಹಾನಿಯನ್ನು ಹೆಚ್ಚುಕಡಿಮೆ ಎಲ್ಲರೂ ಹೊರಗಿಡುತ್ತಾರೆ. ನೀರು, ತಪ್ಪಿ ತುಂಬಿದ ಪೆಟ್ರೋಲ್, ಡೀಸೆಲ್ ಟ್ಯಾಂಕಿಗೆ ಹೋದ ಆಡ್‌ಬ್ಲೂ (ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ), ಅನುಮತಿಗಿಂತ ಹೆಚ್ಚು ಬಯೋಡೀಸೆಲ್ ಎಲ್ಲ ಈ ಗುಂಪಿಗೆ ಸೇರುತ್ತವೆ. ಗ್ಯಾರೇಜಿನವರು ಡೀಸೆಲಿನ ಮಾದರಿಯನ್ನು ಗಾಜಿನ ಜಾಡಿಗೆ ತೆಗೆದು ಇಡುತ್ತಾರೆ. ನೀರಿದ್ದರೆ ತಳಕ್ಕೆ ಇಳಿಯುತ್ತದೆ. ಪಂಪ್ ಬಿಚ್ಚಿ ಒಳಗೆ ತುಕ್ಕಿದೆಯೇ ನೋಡುತ್ತಾರೆ. ಆಡ್‌ಬ್ಲೂ ಸೇರಿದ್ದರೆ ಬಿಳಿ ಹರಳು ಸಿಗುತ್ತದೆ. ಫೋಟೊ ಕಂಪನಿಗೆ ಹೋಗುತ್ತದೆ, ತೀರ್ಪು ಅಲ್ಲಿಂದ ಬರುತ್ತದೆ. ಹಿಂದಿನ ಮಾಲೀಕ ಯಾವಾಗಲೋ ತುಂಬಿದ ನೀರು ಡೀಸೆಲ್ ಮಾಡಿದ ತುಕ್ಕು ನಿಮ್ಮ ಹೆಸರಿನ ಕ್ಲೇಮನ್ನು ಬೀಳಿಸುತ್ತದೆ. ಸೆಕೆಂಡ್ ಹ್ಯಾಂಡ್ ಟ್ರಕ್ಕಿನ ಮುಖ್ಯ ಸಂಕಟ ಇದೇ.

ಇಲ್ಲೊಂದು ಸೂಕ್ಷ್ಮ. ಡೀಸೆಲಿನಿಂದ ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಅದರ ಸಹಜ ಜಿಡ್ಡು ಕೂಡ ಹೋಗುತ್ತದೆ. ಅದನ್ನು ತುಂಬಲು ಬೇರೆ ರಾಸಾಯನಿಕ ಸೇರಿಸುತ್ತಾರೆ. ಜಿಡ್ಡು ಎಷ್ಟಿದೆ ಎಂದು ಅಳೆಯಲು ಒಂದು ಉಕ್ಕಿನ ಗುಂಡನ್ನು ಡೀಸೆಲಿನಲ್ಲಿ ಮುಳುಗಿಸಿ ಉಜ್ಜಿ, ಬಿದ್ದ ಗಾಯದ ಅಗಲ ನೋಡುತ್ತಾರೆ. ಯುರೋಪಿನ ಇಎನ್ 590 ಮಾನದಂಡ ಈ ಗಾಯ 460 ಮೈಕ್ರಾನ್ ಮೀರಬಾರದು ಎನ್ನುತ್ತದೆ. ಅಮೆರಿಕದ ಎಎಸ್‌ಟಿಎಂ ಡಿ975 ಮಾನದಂಡ 520ರವರೆಗೆ ಬಿಡುತ್ತದೆ. ಅಂದರೆ ಒಂದು ದೇಶದ ಕಾನೂನಿಗೆ ಸರಿಯಿರುವ ಡೀಸೆಲ್ ಇನ್ನೊಂದು ದೇಶದ ಅಳತೆಯಲ್ಲಿ ಒಣಕಲು. ಒಣಕಲು ಡೀಸೆಲಿನಿಂದ ಪಂಪ್ ಸವೆದರೆ ಅದು ಕಲುಷಿತ ಇಂಧನವಲ್ಲ. ಬಂಕಿನಲ್ಲಿ ಕಾನೂನುಬದ್ಧವಾಗಿ ಮಾರುವ ಇಂಧನವನ್ನು ತಾಳಿಕೊಳ್ಳಬೇಕಾದ್ದು ಪಂಪಿನ ಧರ್ಮ. ಅದೇ ರೀತಿ, ಪಂಪೇ ಉದುರಿಸಿದ ಲೋಹದ ಪುಡಿಯನ್ನು ತೋರಿಸಿ "ಇಂಧನದಲ್ಲಿ ಕಲ್ಮಶ ಕಂಡುಬಂದಿದೆ" ಎಂದು ಬರೆದ ವರದಿಯನ್ನು ಒಪ್ಪಿಕೊಳ್ಳಬೇಡಿ. ಕಲ್ಮಶ ಫಿಲ್ಟರಿನ ಈಚೆ ಇತ್ತೋ ಆಚೆ ಇತ್ತೋ ಎಂದು ಕೇಳಿ. ಫಿಲ್ಟರಿಗೂ ಮುಂಚಿನ ಡೀಸೆಲಿನಲ್ಲಿ ನೀರಿಲ್ಲ, ತುಕ್ಕಿಲ್ಲ, ಪುಡಿ ಇರುವುದು ಪಂಪಿನ ನಂತರ ಎಂದಾದರೆ ಆ ಪುಡಿಗೆ ಪಂಪೇ ತವರು.

ಕಂಪನಿ ವಾರಂಟಿಯ ಉಳಿಕೆ

ಟ್ರಕ್ ಇನ್ನೂ ತಯಾರಕರ ಮೂಲ ವಾರಂಟಿಯೊಳಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಪಂಪ್ ಹಾಳಾಗಿ ಅದರಿಂದ ಇಂಜೆಕ್ಟರುಗಳು ಹಾಳಾದರೆ, ದೋಷ ಒಪ್ಪಿಕೊಂಡ ಮೇಲೆ ಇಡೀ ವ್ಯವಸ್ಥೆಯನ್ನು ಸರಿಪಡಿಸುವುದು ಇಲ್ಲಿ ರೂಢಿ. ಹೊಸ ಅಸಲಿ ಸಾಮಾನು, ಕೂಲಿಯೂ ಅವರದೇ.

ನೋಡಬೇಕಾದ್ದು ಮೂರು. ಒಂದು, ಅವಧಿ ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಮಾದರಿಯ ವರ್ಷದಿಂದಲೂ ಅಲ್ಲ. ಮೊದಲ ಮಾಲೀಕನ ಕೈಗೆ ಟ್ರಕ್ ಹೋದ ದಿನದಿಂದ. ವರ್ಷ ಮತ್ತು ದೂರ, ಯಾವುದು ಮೊದಲು ಮುಗಿದರೆ ಅದು. ಎರಡು, ಇಡೀ ವಾಹನದ ಸಾಮಾನ್ಯ ವಾರಂಟಿ ಬೇರೆ, ಇಂಜಿನ್ ವಾರಂಟಿ ಬೇರೆ. ಮೇಲೆ ಹೇಳಿದ ಅಮೆರಿಕದ ಪಿಕಪ್‌ಗಳಲ್ಲಿ ಸಾಮಾನ್ಯ ವಾರಂಟಿ 3 ವರ್ಷ ಅಥವಾ 36,000 ಮೈಲಿ, ಡೀಸೆಲ್ ಇಂಜಿನ್ನಿನದು 5 ವರ್ಷ ಅಥವಾ 1,00,000 ಮೈಲಿ. ಹೈ ಪ್ರೆಷರ್ ಪಂಪ್, ಇಂಜೆಕ್ಟರುಗಳು ಎರಡನೆಯದರ ಪಟ್ಟಿಯಲ್ಲಿದ್ದು, ಟ್ಯಾಂಕ್ ಅಥವಾ ಲಿಫ್ಟ್ ಪಂಪ್ ಮೊದಲನೆಯದರಲ್ಲೇ ಉಳಿದುಹೋಗಿರಬಹುದು. ನಾಲ್ಕನೇ ವರ್ಷದಲ್ಲಿ ಪಂಪ್ ಹೋದರೆ ಟ್ಯಾಂಕ್ ತೊಳೆಯುವ ಖರ್ಚು ಯಾರದೆಂದು ಪುಸ್ತಕ ಓದಿ ತಿಳಿದುಕೊಳ್ಳಬೇಕು. ಮೂರು, ವಾರಂಟಿ ಎರಡನೇ ಮಾಲೀಕನಿಗೆ ತಾನಾಗಿ ಬರುತ್ತದೆಯೋ, ಅರ್ಜಿ ಹಾಕಬೇಕೋ. ವ್ಯಾಪಾರದ ವಾಹನಗಳಲ್ಲಿ ನಿರ್ದಿಷ್ಟ ದಿನದೊಳಗೆ ವರ್ಗಾವಣೆ ಮಾಡಿಸಿಕೊಳ್ಳದಿದ್ದರೆ ಹೋಯಿತು ಎಂಬ ನಿಯಮವೂ ಇರುತ್ತದೆ.

ಛಾಸಿ ನಂಬರ್ ಹಿಡಿದು ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗಿ ಕೇಳಿದರೆ ಉಳಿದ ಅವಧಿ, ಹಿಂದಿನ ಕ್ಲೇಮುಗಳು, ಬಾಕಿ ರೀಕಾಲ್ ಎಲ್ಲ ತಿಳಿಯುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಅಲ್ಲೇ ಕೇಳಿ: ಈ ಟ್ರಕ್ಕಿನ ವಾರಂಟಿಗೆ ತಡೆ ಬಿದ್ದಿದೆಯೇ? ಹೆಚ್ಚು ಶಕ್ತಿಗಾಗಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿದ, ಹೊಗೆ ನಿಯಂತ್ರಣದ ಸಾಮಾನು ಕಿತ್ತೆಸೆದ ಟ್ರಕ್ಕುಗಳ ಇಂಜಿನ್ ವಾರಂಟಿಯನ್ನು ಕಂಪನಿಗಳು ದಾಖಲೆಯಲ್ಲೇ ಮುಚ್ಚಿರುತ್ತವೆ. ಮಾರುವ ಮುಂಚೆ ಮೂಲ ತಂತ್ರಾಂಶ ವಾಪಸ್ ಹಾಕಿಸಿದ್ದರೂ ಆ ಗುರುತು ಅಳಿಯುವುದಿಲ್ಲ.

ರೀಕಾಲ್ ವಾರಂಟಿಯಲ್ಲ, ಅದಕ್ಕಿಂತ ಗಟ್ಟಿ. ಓಡುತ್ತಿರುವಾಗ ಇಂಜಿನ್ ನಿಂತುಹೋಗುವುದು ಸುರಕ್ಷತೆಯ ಪ್ರಶ್ನೆ ಎಂಬ ಕಾರಣಕ್ಕೆ ಪಂಪ್ ರೀಕಾಲ್‌ಗಳು ಬರುತ್ತವೆ. ಮಾಲೀಕ ಎಷ್ಟನೆಯವನಾದರೂ, ಎಷ್ಟು ಓಡಿದ್ದರೂ ಕೆಲಸ ಉಚಿತ. ಬಾಕಿ ರೀಕಾಲ್ ಇರುವ ಟ್ರಕ್ ಸಿಕ್ಕರೆ ಹೆದರಬೇಡಿ, ಮಾರುವವರಿಂದಲೇ ಕೆಲಸ ಮುಗಿಸಿಕೊಂಡು ಕೊಳ್ಳಿ. ನ್ಯಾಯಾಲಯದ ರಾಜಿಗಳದ್ದು ಬೇರೆ ಕಥೆ. 2011ರಿಂದ 2016ರ ಡ್ಯುರಾಮ್ಯಾಕ್ಸ್ ವಿಷಯದಲ್ಲಿ ಜಿಎಂ 5 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಆದರೆ ಇಂಥವುಗಳ ಲಾಭ ಯಾವ ರಾಜ್ಯದಲ್ಲಿ, ಯಾರಿಂದ, ಯಾವಾಗ ಕೊಂಡಿರಿ ಎಂಬುದಕ್ಕೆ ಕಟ್ಟುಬಿದ್ದಿರುತ್ತದೆ. ಅದನ್ನು ನಂಬಿ ಟ್ರಕ್ ಕೊಳ್ಳುವಂತಿಲ್ಲ.

ಸರ್ಟಿಫೈಡ್ ಟ್ರಕ್, ಡೀಲರ್ ವಾರಂಟಿ, "ಇದ್ದಂತೆಯೇ" ಮಾರಾಟ

ತಯಾರಕರೇ ಪರೀಕ್ಷಿಸಿ ಸರ್ಟಿಫೈಡ್ ಎಂದು ಮಾರುವ ಟ್ರಕ್ಕುಗಳಿಗೆ ಸಿಗುವ ಹೆಚ್ಚುವರಿ ವಾರಂಟಿ ಮೂಲ ವಾರಂಟಿಯ ತಮ್ಮನಿದ್ದಂತೆ: ಅದೇ ಸರ್ವೀಸ್ ಸೆಂಟರ್, ಅದೇ ಸಾಮಾನು, ಹೊರಗಿಡುವ ಪಟ್ಟಿ ಸ್ವಲ್ಪ ಉದ್ದ. ಇಂಜಿನ್ ಎಂದರೆ ಪಂಪ್ ಮತ್ತು ಇಂಜೆಕ್ಟರ್ ಸೇರಿ ಎಂದು ಬರೆದಿದ್ದರೆ ಸಾಕು. ಬರೀ "ಎಣ್ಣೆಯಲ್ಲಿ ತೊಯ್ಯುವ ಒಳಭಾಗಗಳು" ಎಂದಿದ್ದರೆ ಡೀಸೆಲಿನಲ್ಲಿ ತೊಯ್ಯುವ ಪಂಪ್ ಹೊರಗೆ ಉಳಿಯುತ್ತದೆ.

ಡೀಲರ್ ಸ್ವಂತವಾಗಿ ಕೊಡುವ ಒಂದು, ಮೂರು ತಿಂಗಳ ವಾರಂಟಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಪಂಪ್ ಸವೆತ ನಿಧಾನದ ಕೆಲಸ. ಆ ಅವಧಿ ಉಪಯೋಗಕ್ಕೆ ಬರುವುದು ನೀವೇ ತಪಾಸಣೆ ಮಾಡಿಸಿಕೊಂಡರೆ ಮಾತ್ರ.

ಕಾಗದದ ವಾರಂಟಿ ಇಲ್ಲದಿದ್ದರೂ ಕಾನೂನು ಮಾರುವವರ ಮೇಲೆ ಹೊಣೆ ಹೊರಿಸುವ ಕಡೆಗಳಿವೆ. ಯುರೋಪ್ ಒಕ್ಕೂಟದಲ್ಲಿ ವ್ಯಾಪಾರಿಯಿಂದ ಗ್ರಾಹಕ ಕೊಂಡ ವಸ್ತುವಿಗೆ 2 ವರ್ಷದ ಕಾನೂನು ಭರವಸೆ ಇದೆ. ಬಳಸಿದ ವಸ್ತುವಿಗೆ ಅದನ್ನು 1 ವರ್ಷಕ್ಕಿಂತ ಕಡಿಮೆ ಮಾಡುವಂತಿಲ್ಲ. ಅಮೆರಿಕದಲ್ಲಿ ಡೀಲರು ಕಿಟಕಿಗೆ ಅಂಟಿಸಬೇಕಾದ ಬೈಯರ್ಸ್ ಗೈಡ್ ಚೀಟಿಯಲ್ಲಿ ವಾರಂಟಿ ಇದೆಯೋ, "ಇದ್ದಂತೆಯೇ" ಮಾರುತ್ತಿದ್ದಾರೋ ಎಂಬುದು ಇರುತ್ತದೆ. ಬಾಯಿಮಾತು ಏನೇ ಇರಲಿ, ಚೀಟಿಯಲ್ಲಿ "ಇದ್ದಂತೆಯೇ" ಎಂದಿದ್ದರೆ ಅದನ್ನೇ ನಂಬಿ. ಈ ರಕ್ಷಣೆಗಳು ಬಹುಪಾಲು ಗ್ರಾಹಕರಿಗೆ. ಬಾಡಿಗೆ ಓಡಿಸಲು, ಕಂಪನಿ ಹೆಸರಲ್ಲಿ ಕೊಂಡವರಿಗೆ ಬಾಗಿಲು ಕಿರಿದು.

ಹೊರಗಿನವರ ಕರಾರು

ಮೂಲ ವಾರಂಟಿ ಮುಗಿದ ಟ್ರಕ್ಕಿಗೆ ಎಕ್ಸ್‌ಟೆಂಡೆಡ್ ವಾರಂಟಿ ಎಂಬ ಹೆಸರಲ್ಲಿ ಮಾರುವುದು ನಿಜಕ್ಕೂ ಒಂದು ಸರ್ವೀಸ್ ಕರಾರು. ಕೆಲವನ್ನು ವಾಹನ ತಯಾರಕರೇ ಕೊಡುತ್ತಾರೆ, ಹೆಚ್ಚಿನವು ಹೊರಗಿನ ಕಂಪನಿಗಳವು. ಎರಡೂ ಸಿಗುವಾಗ ತಯಾರಕರದನ್ನೇ ಆರಿಸಿ, ದುಬಾರಿಯಾದರೂ. ಅಲ್ಲಿ ಕ್ಲೇಮ್ ತೀರ್ಮಾನಿಸುವವರಿಗೆ ತಮ್ಮ ಪಂಪಿನ ಚರಿತ್ರೆ ಗೊತ್ತಿರುತ್ತದೆ, ದುಡ್ಡಿನ ಮಾತೂ ಅವರ ಸರ್ವೀಸ್ ಸೆಂಟರಿನ ಜೊತೆಗೇ ನಡೆಯುತ್ತದೆ.

ಹೊರಗಿನವರದ್ದಾದರೆ ಮೊದಲು ಬಗೆ ನೋಡಿ. ಒಂದು ಬಗೆಯಲ್ಲಿ ಕೊಡುವ ಭಾಗಗಳ ಪಟ್ಟಿ ಇರುತ್ತದೆ, ಪಟ್ಟಿಯಲ್ಲಿಲ್ಲದ್ದಕ್ಕೆ ದುಡ್ಡಿಲ್ಲ. ಇನ್ನೊಂದರಲ್ಲಿ ಕೊಡದ ಭಾಗಗಳ ಪಟ್ಟಿ, ಉಳಿದದ್ದಕ್ಕೆಲ್ಲ ದುಡ್ಡು. ಡೀಸೆಲ್ ಟ್ರಕ್ಕಿಗೆ ಎರಡನೆಯದೇ ಬೇಕು. ಮೊದಲ ಬಗೆಯಲ್ಲಿ "ಫ್ಯೂಯೆಲ್ ಪಂಪ್" ಎಂದಿದ್ದು ಇಂಜೆಕ್ಟರ್, ರೈಲು ಇಲ್ಲದಿರುವುದು ಮಾಮೂಲು; ಕೆಲವೊಮ್ಮೆ ಆ ಫ್ಯೂಯೆಲ್ ಪಂಪ್ ಎಂದರೆ ಲಿಫ್ಟ್ ಪಂಪ್ ಮಾತ್ರ ಎಂದು ವ್ಯಾಖ್ಯಾನದ ಪುಟ ಹೇಳುತ್ತದೆ. ಆ ಪುಟವನ್ನು ಮಾರುವವರು ತೋರಿಸುವುದಿಲ್ಲ, ಕೇಳಿ ತರಿಸಿಕೊಳ್ಳಬೇಕು. ಜಾಹೀರಾತಿನ ಕರಪತ್ರವಲ್ಲ, ಪೂರ್ತಿ ಕರಾರು.

ಕೈಗೆ ಬಂದ ಮೇಲೆ ಓದಬೇಕಾದ ಸಾಲು ಯಾವುದು? "ಒಂದು ಭಾಗ ಕೆಟ್ಟು ಇನ್ನೊಂದಕ್ಕೆ ಆದ ಹಾನಿ." ವಾರಂಟಿಯೊಳಗಿನ ಪಂಪ್ ಹಾಳುಮಾಡಿದ ಇಂಜೆಕ್ಟರಿಗೆ ದುಡ್ಡು ಕೊಡುತ್ತಾರೋ ಇಲ್ಲವೋ ಎಂಬುದು ಅಲ್ಲಿರುತ್ತದೆ. ಕರಾರು ಕೊಳ್ಳುವ ಮೊದಲೇ ಇದನ್ನು ಬರಹದಲ್ಲಿ ಕೇಳಿ: "ಹೈ ಪ್ರೆಷರ್ ಪಂಪ್ ಒಳಗಿನಿಂದ ಸವೆದು ಲೋಹದ ಪುಡಿ ರೈಲು, ಇಂಜೆಕ್ಟರ್, ಟ್ಯಾಂಕಿಗೆ ಹೋದರೆ ಈ ನಾಲ್ಕಕ್ಕೂ ಸಾಮಾನು ಮತ್ತು ಕೂಲಿ ಕೊಡುತ್ತೀರಾ?" ಹೌದು ಅಥವಾ ಇಲ್ಲ ಎಂಬ ಇಮೇಲ್ ಬಂದರೆ ಇಟ್ಟುಕೊಳ್ಳಿ. "ಕರಾರಿನ ನಿಯಮಗಳಿಗೆ ಒಳಪಟ್ಟು" ಎಂಬ ಉತ್ತರ ಬಂದರೆ ಅದನ್ನು ಇಲ್ಲ ಎಂದೇ ಓದಿಕೊಳ್ಳಿ.

ಸವೆತದ ಮಾತು ಮುಂದಿನದು. ಕೆಲವು ಕರಾರುಗಳು ಹಠಾತ್ತನೆ ಮುರಿದದ್ದಕ್ಕೆ ಮಾತ್ರ ದುಡ್ಡು ಕೊಡುತ್ತವೆ, ನಿಧಾನವಾಗಿ ಸವೆದದ್ದಕ್ಕೆ ಇಲ್ಲ. ಪಂಪಿನ ಸಾವು ಹೆಚ್ಚಾಗಿ ಸವೆತದಿಂದಲೇ ಆಗುವುದರಿಂದ ಇದೊಂದು ಸಾಲು ಇಡೀ ಕರಾರನ್ನು ನುಂಗಬಲ್ಲದು.

ಬಿಚ್ಚಿ ನೋಡುವ ಕೂಲಿ ಇನ್ನೊಂದು ಬಲೆ. ಕಾರಣ ತಿಳಿಯಲು ಪಂಪ್ ಬಿಚ್ಚಬೇಕು. ಕೆಲವು ಇಂಜಿನ್ನುಗಳಲ್ಲಿ ಪಂಪ್ ಮುಟ್ಟುವಷ್ಟರಲ್ಲೇ ದಿನ ಕಳೆಯುತ್ತದೆ. ಬಿಚ್ಚಲು ನೀವು ಒಪ್ಪಿಗೆ ಕೊಡಬೇಕು, ಕ್ಲೇಮ್ ಬಿದ್ದರೆ ಆ ಕೂಲಿ ನಿಮ್ಮದೇ. ಅವರ ಪೂರ್ವಾನುಮತಿ ಇಲ್ಲದೆ ಬಿಚ್ಚಿದರಂತೂ ಕ್ಲೇಮೇ ಇಲ್ಲ. ಒಂದು ಕ್ಲೇಮಿಗೆ ಮಿತಿ ಎಷ್ಟು, ಗಂಟೆಗೆ ಎಷ್ಟು ಕೂಲಿಯವರೆಗೆ ಒಪ್ಪುತ್ತಾರೆ ಎಂಬುದನ್ನು ಡೀಸೆಲ್ ಗ್ಯಾರೇಜಿನವರಿಂದ ಪೂರ್ತಿ ರಿಪೇರಿಯ ಅಂದಾಜು ಬರೆಸಿಕೊಂಡು ಪಕ್ಕದಲ್ಲಿಟ್ಟು ನೋಡಿ. ಮಿತಿ ಅಂದಾಜಿನ ಅರ್ಧಕ್ಕೇ ನಿಂತರೆ ನೀವು ಕೊಳ್ಳುತ್ತಿರುವುದು ಅರ್ಧ ವಾರಂಟಿ. ಬಳಸಿದ ಅಥವಾ ರೀಬಿಲ್ಡ್ ಸಾಮಾನು ಹಾಕುವ ಹಕ್ಕನ್ನೂ ಕೆಲವರು ಕಾದಿರಿಸಿಕೊಂಡಿರುತ್ತಾರೆ. ಬೇರೆ ಭಾಗಗಳಿಗೆ ಅದು ನಡೆದೀತು, ಎಲ್ಲಿಂದಲೋ ಬಿಚ್ಚಿ ತಂದ ಇಂಜೆಕ್ಟರುಗಳನ್ನು ಮಾತ್ರ ಒಪ್ಪಬೇಡಿ.

ಬಾಡಿಗೆ ಬಳಕೆ, ಭಾರದ ಟ್ರೈಲರ್ ಎಳೆಯುವುದು, ಬದಲಿಸಿದ ಟಯರ್ ಅಳತೆ, ಟ್ಯೂನ್ ಇವೆಲ್ಲ ಕರಾರು ಮುರಿಯಲು ಸಾಕಾಗುವ ಕಾರಣಗಳು. ಟ್ರಕ್ಕಿನಿಂದ ಏನು ಕೆಲಸ ಮಾಡಿಸುತ್ತೀರೋ ಅದನ್ನು ಮುಚ್ಚಿಡದೆ ಬರೆಸಿ. ಕರಾರಿನ ಹಿಂದೆ ವಿಮಾ ಕಂಪನಿಯೊಂದರ ಹೊಣೆ ಇದೆಯೇ ಎಂದೂ ಕೇಳಿ. ಕರಾರು ಮಾರಿದವರು ಅಂಗಡಿ ಮುಚ್ಚಿದರೆ ದುಡ್ಡು ಯಾರಿಂದ ಬರಬೇಕು?

ಜೇಬಿನದೇ ವಾರಂಟಿ

ಕರಾರಿಗೆ ಕೊಡುವ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, ಸ್ವಲ್ಪವನ್ನು ಮುಂಜಾಗ್ರತೆಗೆ ಖರ್ಚು ಮಾಡುವುದೂ ಒಂದು ಆಯ್ಕೆ. ಬಹಳ ಓಡಿದ, ಕರಾರಿನ ಬೆಲೆ ವಿಪರೀತ ಕೇಳುವ ಟ್ರಕ್ಕಿಗೆ ನಾನು ಇದನ್ನೇ ಹೇಳುತ್ತೇನೆ. ಸಿಪಿ4 ಇರುವ ಇಂಜಿನ್ನುಗಳಿಗೆ ಬೈಪಾಸ್ ಕಿಟ್ ಎಂಬುದು ಸಿಗುತ್ತದೆ: ಪಂಪಿನ ಒಳಗೆ ಕ್ಯಾಮಿನ ಸುತ್ತ ಹರಿದ ಡೀಸೆಲ್ ನೇರ ಪಿಸ್ಟನ್ ಕಡೆಗೆ ಹೋಗದೆ ಫಿಲ್ಟರ್ ದಾಟಿ ಬರುವಂತೆ ದಾರಿ ಬದಲಿಸುತ್ತದೆ. ಇದು ಪಂಪನ್ನು ಉಳಿಸುವುದಿಲ್ಲ. ಪಂಪ್ ಸಾಯುವಾಗ ಇಂಜೆಕ್ಟರುಗಳನ್ನು ಜೊತೆಗೆ ಕರೆದೊಯ್ಯದಂತೆ ತಡೆಯುವುದು ಇದರ ಉದ್ದೇಶ. ಹಾಗಾಗಿ ಬಿಲ್ಲು ಚಿಕ್ಕದಾಗುತ್ತದೆ. ಸಿಪಿ3ಗೆ ಬದಲಾಯಿಸುವುದು ಇನ್ನೂ ಮೂಲಭೂತ ಪರಿಹಾರ, ಆದರೆ ಕೆಲವು ಇಂಜಿನ್ನುಗಳಲ್ಲಿ ತಂತ್ರಾಂಶವನ್ನೂ ಬದಲಿಸಬೇಕಾಗುತ್ತದೆ. ಅದು ಹೊಗೆ ನಿಯಮಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎರಡು ದೋಣಿಯಲ್ಲಿ ಕಾಲಿಡಬೇಡಿ. ಬೈಪಾಸ್ ಕಿಟ್ ಹಾಕಿಸಿ ಕರಾರನ್ನೂ ಕೊಂಡರೆ, ಮಾರ್ಪಾಡು ಮಾಡಿದ ಇಂಧನ ವ್ಯವಸ್ಥೆ ಎಂಬ ಕಾರಣಕ್ಕೆ ಕ್ಲೇಮ್ ಬೀಳಬಹುದು. ಮೂಲ ವಾರಂಟಿಯ ವಿಷಯದಲ್ಲಿ ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯಂಥವು ಮಾಲೀಕರಿಗೆ ಸ್ವಲ್ಪ ಬೆನ್ನೆಲುಬು ಕೊಡುತ್ತವೆ. ಹೊರಗಿನ ಸಾಮಾನು ಹಾಕಿದ ಮಾತ್ರಕ್ಕೆ ವಾರಂಟಿ ರದ್ದು ಎನ್ನುವಂತಿಲ್ಲ, ಆ ಸಾಮಾನಿನಿಂದಲೇ ಹಾನಿಯಾಯಿತು ಎಂದು ತೋರಿಸಬೇಕು.

ವಾಹನ ವಿಮೆಯನ್ನೂ ಮರೆಯಬೇಡಿ. ಯಂತ್ರ ಸವೆದು ಕೆಟ್ಟದ್ದಕ್ಕೆ ವಿಮೆ ದುಡ್ಡು ಕೊಡುವುದಿಲ್ಲ. ಆದರೆ ಬಂಕಿನಿಂದ ಬಂದ ನೀರು ಡೀಸೆಲ್ ಅಥವಾ ತಪ್ಪು ಇಂಧನದ ಹಾನಿಯನ್ನು ಕೆಲವು ಸಮಗ್ರ ಪಾಲಿಸಿಗಳು ಒಪ್ಪುತ್ತವೆ. ವಾರಂಟಿಯವರು "ಕಲುಷಿತ ಇಂಧನ" ಎಂದು ಬರೆದು ಕ್ಲೇಮ್ ತಿರಸ್ಕರಿಸಿದ ಕಾಗದವೇ ಆಗ ವಿಮೆಯವರ ಮುಂದೆ, ಬಂಕಿನವರ ಮುಂದೆ ನಿಮ್ಮ ಸಾಕ್ಷಿ. ಒಂದು ಬಾಗಿಲು ಮುಚ್ಚಿದ ಕಾಗದದಿಂದ ಇನ್ನೊಂದನ್ನು ತಟ್ಟಬಹುದು. ಹಾಗಾಗಿ ತಿರಸ್ಕಾರವನ್ನು ಯಾವಾಗಲೂ ಕಾರಣಸಹಿತ ಬರಹದಲ್ಲೇ ಪಡೆಯಿರಿ.

ಯಾರಿಗೆ ಯಾವುದು

ಮೂಲ ಇಂಜಿನ್ ವಾರಂಟಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿರುವ, ಫಿಲ್ಟರ್ ಬದಲಿಸಿದ ಬಿಲ್ಲುಗಳಿರುವ ಟ್ರಕ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ. ಕರಾರಿಗೆ ಹಾಕುವ ದುಡ್ಡು ಟ್ರಕ್ಕಿನ ಬೆಲೆಗೇ ಹೋಗಲಿ. ವಾರಂಟಿ ಮುಗಿಯಲು ಕೆಲವೇ ತಿಂಗಳಿದ್ದರೆ ತಯಾರಕರ ಎಕ್ಸ್‌ಟೆನ್ಷನ್ ಸಿಗುತ್ತದೆಯೇ ಕೇಳಿ. ಮೂಲ ವಾರಂಟಿ ಜೀವಂತವಿರುವಾಗ ಮಾತ್ರ ಅದನ್ನು ಮಾರುವವರಿದ್ದಾರೆ. ವಾರಂಟಿ ಮುಗಿದಿದೆ, ಸಿಪಿ4 ಇದೆ, ಒಮ್ಮೆಗೇ ದೊಡ್ಡ ಬಿಲ್ಲು ಬಂದರೆ ಕಟ್ಟಲು ಕೈಯಲ್ಲಿ ದುಡ್ಡಿಲ್ಲ ಎಂದಾದರೆ, ಹಾನಿ ಹರಡಿದ್ದಕ್ಕೂ ಕೊಡುವ ಕರಾರಿಗೆ ಅರ್ಥವಿದೆ. ಕೈಯಲ್ಲಿ ದುಡ್ಡಿದ್ದರೆ ಕಿಟ್ ಮತ್ತು ಉಳಿತಾಯ. ಬಾಡಿಗೆಗೆ ಓಡಿಸುವವರು ರಿಪೇರಿ ಖರ್ಚಿನ ಜೊತೆಗೆ ಟ್ರಕ್ ನಿಂತ ದಿನಗಳ ನಷ್ಟವನ್ನೂ ಲೆಕ್ಕ ಹಾಕಬೇಕು. ಆ ನಷ್ಟವನ್ನು ವಾರಂಟಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಅವರ ಮಟ್ಟಿಗೆ ಬೇಗ ತೀರ್ಮಾನ ಕೊಡುವವರು, ಹೆಚ್ಚು ಕೊಡುವವರಿಗಿಂತ ಮೇಲು.

ಯಾವುದನ್ನೇ ಆರಿಸಿದರೂ, ಕೊಳ್ಳುವ ಮುಂಚೆ ಮೆಕ್ಯಾನಿಕ್ ಕೈಲಿ ಮೂರು ಕೆಲಸ ಮಾಡಿಸಿ. ಫಿಲ್ಟರ್ ಮತ್ತು ನೀರು ಬೇರ್ಪಡಿಸುವ ಬಟ್ಟಲು ತೆರೆದು ಹೊಳೆಯುವ ಪುಡಿ, ತುಕ್ಕು, ನೀರು ನೋಡುವುದು. ಪಂಪಿನ ಮೇಲಿನ, ಒಳಹೋಗುವ ಡೀಸೆಲಿನ ಪ್ರಮಾಣ ನಿಯಂತ್ರಿಸುವ ಮೀಟರಿಂಗ್ ವಾಲ್ವ್ ಬಿಚ್ಚಿ ಅದರ ಜಾಲರಿಯಲ್ಲಿ ಲೋಹದ ಚೂರು ಇದೆಯೇ ನೋಡುವುದು, ಸಿಪಿ4ರಲ್ಲಿ ಸವೆತದ ಮೊದಲ ಸುಳಿವು ಸಿಗುವುದು ಇಲ್ಲಿ. ಸ್ಕ್ಯಾನರ್ ಹಾಕಿ, ಭಾರ ಎಳೆಯುವಾಗ ಇಸಿಯು ಕೇಳಿದ ರೈಲ್ ಒತ್ತಡ ಸಿಗುತ್ತಿದೆಯೇ ನೋಡುವುದು. ಪಿ0087 ಎಂಬ ಕೋಡ್ ರೈಲ್ ಒತ್ತಡ ಕಡಿಮೆ ಎಂದೂ ಪಿ2269 ಇಂಧನದಲ್ಲಿ ನೀರು ಎಂದೂ ಹೇಳುತ್ತದೆ. ಫಲಿತಾಂಶವನ್ನು ತಾರೀಖು, ಮೀಟರ್ ರೀಡಿಂಗ್ ಹಾಕಿ ಬರೆಸಿಕೊಳ್ಳಿ. "ಕೊಳ್ಳುವಾಗಲೇ ಇದ್ದ ದೋಷ" ಎಂದು ಯಾರಾದರೂ ಕ್ಲೇಮ್ ತಳ್ಳಿದರೆ ಈ ಕಾಗದ ಮಾತಾಡುತ್ತದೆ.

ಕೊಂಡ ಮೇಲೆ ಫಿಲ್ಟರ್ ಹೇಳಿದ ದೂರಕ್ಕೆ ಬದಲಿಸಿ ಬಿಲ್ಲು ಇಡಿ, ಡೀಸೆಲ್ ತುಂಬಿಸಿದ ರಸೀತಿಗಳನ್ನೂ ಇಡಿ. ಒಂದು ದಿನ ಒತ್ತಡ ಬಿದ್ದು ಇಂಜಿನ್ ನಿಂತರೆ ಮತ್ತೆ ಮತ್ತೆ ಸ್ಟಾರ್ಟರ್ ತಿರುಗಿಸಬೇಡಿ. ಪ್ರತಿ ಸುತ್ತಿಗೂ ಇನ್ನಷ್ಟು ಪುಡಿ ಇಂಜೆಕ್ಟರಿಗೆ ಹೋಗುತ್ತದೆ, ನಿಲ್ಲಿಸದೆ ಓಡಿಸಿ ಹಾನಿ ಹೆಚ್ಚಿಸಿದಿರಿ ಎಂಬ ಆಕ್ಷೇಪಕ್ಕೂ ದಾರಿಯಾಗುತ್ತದೆ. ಟೋ ಮಾಡಿಸಿ. ಗ್ಯಾರೇಜಿನಲ್ಲಿ ಡೀಸೆಲ್ ಮಾದರಿ ತೆಗೆಯುವಾಗ ಹತ್ತಿರವಿದ್ದು, ಇನ್ನೊಂದು ಸ್ವಚ್ಛ ಜಾಡಿಗೆ ನಿಮ್ಮ ಪಾಲು ತೆಗೆದು ಮುಚ್ಚಿಟ್ಟುಕೊಳ್ಳಿ. ತೀರ್ಪು ಒಪ್ಪಿಗೆಯಾಗದಿದ್ದರೆ ಪ್ರಯೋಗಾಲಯಕ್ಕೆ ಕಳಿಸಲು ಬೇಕಾಗುತ್ತದೆ. ಕ್ಲೇಮ್ ಮುಗಿಯುವವರೆಗೆ ಹಳೆಯ ಪಂಪ್ ಎಸೆಯಬಾರದು ಎಂದು ಬರೆದು ಕೊಡಿ. ರಿಪೇರಿ ಆದ ಮೇಲೆ ಬಿಲ್ಲಿನಲ್ಲಿ ಟ್ಯಾಂಕ್ ತೊಳೆದದ್ದು ನಮೂದಾಗಿದೆಯೇ, ಹೊಸ ಪಂಪಿನ ಸ್ವಂತ ವಾರಂಟಿ ಸಾಮಾನಿಗೆ ಮಾತ್ರವೋ ಕೂಲಿಗೂ ಸೇರಿಯೋ ಎಂದು ನೋಡಿ ಸಹಿ ಹಾಕಿ.